ಕಾರಿನಲ್ಲಿ ಕೂಸಿಗೆ ಬೇರೆ ಕುರ್ಚಿ ಏಕೆ?



ಶಹಾಪುರದ ಒಂದು ಓಣಿಯಲ್ಲಿ ನಾನು ಕಿವಿಯಾರೆ ಕೇಳಿದ ಮಾತು ಇದು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮತ್ತು ಸೊಸೆ ಎಂಟು ತಿಂಗಳ ಕೂಸಿನೊಂದಿಗೆ ಕಾರಿನಲ್ಲಿ ಊರಿಗೆ ಬಂದಿದ್ದರು. ಕಾರಿನ ಹಿಂದಿನ ಸೀಟಿನ ಮೇಲೆ ಇನ್ನೊಂದು ಸಣ್ಣ ಕುರ್ಚಿ. ಅದರೊಳಗೆ ಕೂಸು. ಅದರ ಎದೆ, ಹೆಗಲುಗಳ ಮೇಲೆ ಅಗಲವಾದ ಪಟ್ಟಿಗಳು. ಅಷ್ಟೇ ಅಲ್ಲ, ಕೂಸಿನ ಮುಖ ಕಾರಿನ ಹಿಂಬದಿಗೆ ಇತ್ತು! ನೋಡಿದ ಆಯಿಗೆ ತಡೆಯಲಾಗಲಿಲ್ಲ.

“ಎವ್ವಾ! ಕೂಸಿಗಿ ಹಿಂಗ್ಯಾಕ ಕಟ್ಟಿ ತಂದೀರೋ? ತೊಡಿ ಮ್ಯಾಲ ಹಿಡಕೊಂಡು ಕುಂದರಲಾಕ ಏನಾಗಿತ್ತು ನಿಮಗ?”

“ತೊಡಿಗಿಂತ ಇದೇ ಗಟ್ಟಿ ಅದ ಬೇ ಯವ್ವಾ.”

“ತಾಯಿ ಕೈಗಿಂತ ಗಟ್ಟಿ ಇರ್ತದೇನೋ ತಮ್ಮಾ?”

ಮಗ ಸುಮ್ಮನಾದ. ಆದರೆ ಆಯಿಯ ಪ್ರಶ್ನೆ ಸಣ್ಣದಲ್ಲ. ತಾಯಿಯ ಕೈಗಿಂತ ಗಟ್ಟಿಯಾದದ್ದು ಇದೆಯೇ? ಇದಕ್ಕೆ ಉತ್ತರ ನಿಮ್ಮ ವಿಜ್ಞಾನದ ಪುಸ್ತಕದಲ್ಲಿಯೇ ಇದೆ. ಬನ್ನಿ, ಹುಡುಕೋಣ.

ಬಸ್ಸು ನಿಂತಿತು, ನಾವು ನಿಲ್ಲಲಿಲ್ಲ

ನೀವು ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಬಸ್ಸು ಭೀಮಾ ನದಿಯ ಸೇತುವೆ ದಾಟಿ ವೇಗವಾಗಿ ಸಾಗುತ್ತಿದೆ. ಇದ್ದಕ್ಕಿದ್ದಂತೆ ಎಮ್ಮೆಯೊಂದು ಅಡ್ಡ ಬಂತು. ಚಾಲಕರು ಬ್ರೇಕ್ ಒತ್ತಿದರು. ಆಗ ಏನಾಗುತ್ತದೆ? ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಕುಳಿತವರ ಹಣೆ ಮುಂದಿನ ಸೀಟಿಗೆ ತಾಗುತ್ತದೆ. ಮೇಲಿಟ್ಟ ಚೀಲ ಕೆಳಗೆ ಬೀಳುತ್ತದೆ.

ಅವರನ್ನು ಯಾರಾದರೂ ಮುಂದಕ್ಕೆ ತಳ್ಳಿದರೇ? ಇಲ್ಲ. ಬ್ರೇಕ್ ಬಿದ್ದದ್ದು ಬಸ್ಸಿನ ಗಾಲಿಗಳಿಗೆ. ನಮ್ಮ ದೇಹಕ್ಕೆ ಬ್ರೇಕ್ ಇಲ್ಲ. ಚಲಿಸುತ್ತಿರುವ ವಸ್ತು, ಅದನ್ನು ತಡೆಯುವ ಬಲ ಸಿಗುವವರೆಗೆ ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ. ಈ ಗುಣಕ್ಕೆ ಜಡತ್ವ ಎಂದು ಹೆಸರು. ಇದನ್ನು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಲನೆಯ ಮೊದಲನೆಯ ನಿಯಮವಾಗಿ ಹೇಳಿದ್ದಾನೆ.

ಜಡತ್ವಕ್ಕೆ ದೊಡ್ಡವರು, ಸಣ್ಣವರು ಎಂಬ ಭೇದವಿಲ್ಲ. ತಾಯಿಯ ತೊಡೆಯ ಮೇಲಿರುವ ಕೂಸಿಗೂ ಅದು ಇದೆ.

ಕೈ ಎಷ್ಟು ಭಾರ ತಡೆದೀತು?

ಈಗ ಒಂದು ಲೆಕ್ಕ ಮಾಡೋಣ. ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ನಮ್ಮ ಊರಿನ ರಸ್ತೆಗಳಲ್ಲಿ ಇದು ಹೆಚ್ಚಿನ ವೇಗವೇನಲ್ಲ. ಇದು ಸೆಕೆಂಡಿಗೆ 10 ಮೀಟರ್ ಆಗುತ್ತದೆ. (36,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ ನೋಡಿ.) ಕಾರು ಒಂದು ಮರಕ್ಕೆ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಅಷ್ಟರಲ್ಲಿ ಕಾರಿನ ಮೂತಿ ಸುಮಾರು ಅರ್ಧ ಮೀಟರ್ ನುಗ್ಗಾಗಿರುತ್ತದೆ.

ಸೆಕೆಂಡಿಗೆ 10 ಮೀಟರ್ ವೇಗ 0.1 ಸೆಕೆಂಡಿನಲ್ಲಿ ಸೊನ್ನೆಯಾಗಬೇಕಾದರೆ, ಭೂಮಿಯ ಗುರುತ್ವದ ಸುಮಾರು 10 ಪಟ್ಟು ಬಲ ಬೇಕು. ಎಂದರೆ 9 ಕಿ.ಗ್ರಾಂ. ತೂಕದ ಕೂಸನ್ನು ಆ ಕ್ಷಣದಲ್ಲಿ ತಡೆದು ಹಿಡಿಯುವುದು, 90 ಕಿ.ಗ್ರಾಂ. ಭಾರವನ್ನು ಎತ್ತಿ ಹಿಡಿಯುವುದಕ್ಕೆ ಸಮ. ಒಂದು ಸಿಮೆಂಟ್ ಚೀಲ 50 ಕಿ.ಗ್ರಾಂ. ಇರುತ್ತದೆ. ಹೆಚ್ಚುಕಡಿಮೆ ಎರಡು ಸಿಮೆಂಟ್ ಚೀಲ! ಅದೂ ಮುನ್ಸೂಚನೆ ಇಲ್ಲದೆ, ರೆಪ್ಪೆ ಬಡಿಯುವಷ್ಟರಲ್ಲಿ. ಅದೇ ಹೊತ್ತಿಗೆ ತಾಯಿಯ ದೇಹವೂ ಮುಂದಕ್ಕೆ ನುಗ್ಗುತ್ತಿರುತ್ತದೆ.

ಯಾವ ಪೈಲ್ವಾನನ ಕೈಯಿಂದಲೂ ಇದು ಆಗದ ಕೆಲಸ. ಇಲ್ಲಿ ತಾಯಿಯ ಪ್ರೀತಿ ಕಡಿಮೆಯಾದದ್ದಲ್ಲ, ಸ್ನಾಯುಗಳ ಶಕ್ತಿ ಸಾಲದೆ ಹೋದದ್ದು.

ಇನ್ನೊಂದು ರೀತಿಯಲ್ಲಿ ನೋಡಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಗುದ್ದುವುದು, ಸುಮಾರು 5 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ. ವೇಗ ಎರಡು ಪಟ್ಟಾಗಿ 72 ಕಿ.ಮೀ. ಆದರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಎಂದರೆ ಸುಮಾರು 20 ಮೀಟರ್! ಮಾಳಿಗೆಯ ಅಂಚಿನಲ್ಲಿ ಕೂಸನ್ನು ಕೂರಿಸಲು ನಾವು ಯಾರೂ ಒಪ್ಪುವುದಿಲ್ಲ. ಆದರೆ ಓಡುವ ಕಾರಿನಲ್ಲಿ ಕೂಸನ್ನು ಸುಮ್ಮನೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ.

“ಹಾಗಾದರೆ ದೊಡ್ಡವರ ಬೆಲ್ಟನ್ನೇ ಕೂಸನ್ನೂ ಸೇರಿಸಿ ಹಾಕಿಕೊಂಡರೆ?” ಎಂದು ನೀವು ಕೇಳಬಹುದು. ಅದು ಇನ್ನೂ ಅಪಾಯ. ಡಿಕ್ಕಿಯಾದಾಗ ದೊಡ್ಡವರ ಇಡೀ ಭಾರ ಕೂಸಿನ ಬೆನ್ನಿನ ಮೇಲೆ ಬೀಳುತ್ತದೆ. ಮುಂದೆ ಬೆಲ್ಟು, ಹಿಂದೆ ದೊಡ್ಡವರು, ನಡುವೆ ಕೂಸು.

ದೊಡ್ಡ ತಲೆ, ಎಳೆಯ ಕತ್ತು

ಕೂಸು ಎಂದರೆ ಸಣ್ಣದಾಗಿ ಮಾಡಿದ ದೊಡ್ಡ ಮನುಷ್ಯ ಅಲ್ಲ. ಅದರ ದೇಹದ ಅಳತೆಯೇ ಬೇರೆ. ಆಗ ಹುಟ್ಟಿದ ಕೂಸಿನ ತಲೆ ಅದರ ಒಟ್ಟು ಉದ್ದದ ನಾಲ್ಕನೇ ಒಂದು ಭಾಗ ಇರುತ್ತದೆ. ದೊಡ್ಡವರಲ್ಲಿ ತಲೆ ಸುಮಾರು ಎಂಟನೇ ಒಂದು ಭಾಗ ಮಾತ್ರ. ನಿಮ್ಮ ತಲೆ ನಿಮ್ಮ ಎತ್ತರದ ನಾಲ್ಕನೇ ಒಂದು ಭಾಗ ಇದ್ದಿದ್ದರೆ ಹೇಗೆ ಕಾಣುತ್ತಿತ್ತು, ಊಹಿಸಿ!

ಈ ದೊಡ್ಡ ತಲೆಯನ್ನು ಹೊತ್ತಿರುವ ಕತ್ತಿನ ಸ್ನಾಯುಗಳು ಬಲಿತಿರುವುದಿಲ್ಲ. ಕತ್ತಿನ ಮೂಳೆಗಳ ಕೆಲವು ಭಾಗ ಇನ್ನೂ ಮೃದ್ವಸ್ಥಿಯೇ ಆಗಿರುತ್ತದೆ. ನಿಮ್ಮ ಕಿವಿಯನ್ನು ಮಡಚಿ ನೋಡಿ, ಅದರೊಳಗಿರುವುದೂ ಮೃದ್ವಸ್ಥಿಯೇ. ಕೂಸು ಮುಂದಕ್ಕೆ ಮುಖ ಮಾಡಿ ಕುಳಿತಿದ್ದಾಗ ಡಿಕ್ಕಿಯಾದರೆ, ಎದೆಯನ್ನು ಪಟ್ಟಿ ಹಿಡಿಯುತ್ತದೆ, ಆದರೆ ತಲೆ ಮುಂದಕ್ಕೆ ಹಾರುತ್ತದೆ. ಅದರ ಸೆಳೆತವೆಲ್ಲ ಎಳೆಯ ಕತ್ತಿನ ಮೇಲೆ ಬೀಳುತ್ತದೆ. ಒಳಗಿರುವ ಬೆನ್ನುಹುರಿಗೆ ಪೆಟ್ಟಾಗಬಹುದು.

ಕೂಸು ಹಿಂದಕ್ಕೆ ಮುಖ ಮಾಡಿದ್ದರೆ? ಆಗ ಅದರ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಕುರ್ಚಿಯ ಬೆನ್ನಿಗೆ ಒತ್ತುತ್ತವೆ. ಬಲವು ಒಂದೇ ಕಡೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕತ್ತು ಎಳೆಯುವುದಿಲ್ಲ. ಕ್ಷೇತ್ರ ಹೆಚ್ಚಾದಂತೆ ಒತ್ತಡ ಕಡಿಮೆಯಾಗುತ್ತದೆ ಎಂದು ನೀವು ಓದಿದ್ದೀರಿ. ತಲೆಯ ಮೇಲೆ ಕೊಡ ಹೊರುವಾಗ ಸಿಂಬಿ ಇಟ್ಟುಕೊಳ್ಳುವುದೂ ಇದಕ್ಕಾಗಿಯೇ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಹಳೆಯ ಚಪ್ಪಲಿಯಿಂದ ಕತ್ತರಿಸಿದ ಗಾಲಿಗಳ ಆಟದ ಗಾಡಿ, ಒಂದು ಹಲಗೆ, ಒಂದು ಇಟ್ಟಿಗೆ, ರಟ್ಟು, ಹೊಲಿಗೆ ದಾರ, ಜಡೆಯ ರಿಬ್ಬನ್, ಹದ ಮಾಡಿದ ಕರಿಮಣ್ಣು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಂತೆ, ಮಣ್ಣಿನಿಂದ ನಾಲ್ಕು ಗೊಂಬೆಗಳನ್ನು ಒಂದೇ ಅಳತೆಯಲ್ಲಿ ಮಾಡಿ. ತಲೆ ದೊಡ್ಡದಿರಲಿ, ಕತ್ತು ಸಣ್ಣದಿರಲಿ. ಮಣ್ಣು ಹಸಿಯಾಗಿಯೇ ಇರಬೇಕು. ಹಲಗೆಯನ್ನು ಇಳಿಜಾರಾಗಿ ಇಟ್ಟು, ಕೆಳತುದಿಗೆ ಇಟ್ಟಿಗೆ ಅಡ್ಡ ಇಡಿ. ಗಾಡಿಯ ಮೇಲೆ ರಟ್ಟಿನಿಂದ ಒಂದು ಬೆನ್ನಾಸರೆ ನಿಲ್ಲಿಸಿ. ಪ್ರತಿ ಸಲವೂ ಒಂದೇ ಎತ್ತರದಿಂದ ಗಾಡಿ ಬಿಡಿ.

1. ಮೊದಲನೆಯ ಗೊಂಬೆಯನ್ನು ಕಟ್ಟದೆ ಸುಮ್ಮನೆ ಕೂರಿಸಿ ಬಿಡಿ.
2. ಎರಡನೆಯದನ್ನು ಹೊಟ್ಟೆಯ ಸುತ್ತ ದಾರದಿಂದ ಕಟ್ಟಿ ಬಿಡಿ.
3. ಮೂರನೆಯದನ್ನು ಎರಡೂ ಹೆಗಲ ಮೇಲಿಂದ ಮತ್ತು ಸೊಂಟದ ಮೇಲೆ ರಿಬ್ಬನ್ ಬರುವಂತೆ ಕಟ್ಟಿ ಬಿಡಿ.
4. ನಾಲ್ಕನೆಯದಕ್ಕೆ ರಟ್ಟನ್ನು ತಿರುಗಿಸಿ. ಗೊಂಬೆಯ ಬೆನ್ನು ಗಾಡಿ ಹೋಗುವ ದಿಕ್ಕಿಗೆ ಇರಲಿ. ಬೆನ್ನು, ತಲೆ ಎರಡೂ ರಟ್ಟಿಗೆ ಒರಗಿರಲಿ. ರಿಬ್ಬನ್ ಕಟ್ಟಿ ಬಿಡಿ.

ಯಾವ ಗೊಂಬೆ ಹಾರಿ ಹೋಯಿತು? ಯಾವುದರ ಹೊಟ್ಟೆಯಲ್ಲಿ ಆಳವಾದ ಗೆರೆ ಬಿತ್ತು? ಯಾವುದರ ಕತ್ತು ಬಾಗಿತು? ಯಾವುದು ಮೊದಲಿನಂತೆಯೇ ಉಳಿಯಿತು? ನಿಮ್ಮ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಬರೆದು ತುಂಬಿ. ಎತ್ತರವನ್ನು ಪ್ರತಿ ಸಲವೂ ಒಂದೇ ಏಕೆ ಇಡಬೇಕು ಎಂಬುದನ್ನೂ ಯೋಚಿಸಿ.

ಗಗನಯಾತ್ರಿಗಳಿಂದ ಬಂದ ಉಪಾಯ

ಮೊದಲು ಕಾರುಗಳಲ್ಲಿ ಮಕ್ಕಳಿಗೆ ಕುರ್ಚಿ ಇದ್ದರೂ ಅವು ಮಕ್ಕಳು ಎತ್ತರದಲ್ಲಿ ಕುಳಿತು ಹೊರಗೆ ನೋಡಲಿ ಎಂದು ಮಾಡಿದವಾಗಿದ್ದವು. ಸುರಕ್ಷತೆಯ ವಿಚಾರ ಬಂದದ್ದು ಆಮೇಲೆ. ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು ಅಮೆರಿಕದ ಜೆಮಿನಿ ಗಗನಯಾತ್ರಿಗಳು ಕೂರುವ ರೀತಿಯನ್ನು ಗಮನಿಸಿದರು. ರಾಕೆಟ್ ಮೇಲೇರುವಾಗ ಅವರು ಬೆನ್ನ ಮೇಲೆ ಮಲಗಿದಂತೆ ಕುಳಿತಿರುತ್ತಿದ್ದರು. ಬಲವೆಲ್ಲ ಬೆನ್ನಿಗೆ ಹಂಚಿಹೋಗುತ್ತಿತ್ತು. ಕೂಸಿಗೂ ಇದೇ ಉಪಾಯ ಏಕಾಗಬಾರದು? 1964ರಲ್ಲಿ ಹಿಮ್ಮುಖ ಕುರ್ಚಿಯ ಮೊದಲ ಮಾದರಿಯನ್ನು ವೋಲ್ವೊ ಕಾರಿನಲ್ಲಿ ಪರೀಕ್ಷಿಸಲಾಯಿತು. ನಾವು ಇಂದು ಬಳಸುವ ಮೂರು ಬಿಂದುಗಳ ಸೀಟ್ ಬೆಲ್ಟ್ ಕೂಡ 1959ರಲ್ಲಿ ಅದೇ ದೇಶದಲ್ಲಿ, ಅದೇ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು.

ಕೂಸು ಬೆಳೆದಂತೆ ಕುರ್ಚಿಯೂ ಬದಲಾಗಬೇಕು

ಆರು ತಿಂಗಳಿಗೆ ಹೊಲಿಸಿದ ಅಂಗಿ ಎರಡು ವರ್ಷಕ್ಕೆ ಬರುವುದಿಲ್ಲ. ಕುರ್ಚಿಯೂ ಹಾಗೆಯೇ. ಇಲ್ಲಿ ವಯಸ್ಸಿಗಿಂತ ಮುಖ್ಯವಾದುದು ತೂಕ ಮತ್ತು ಎತ್ತರ. ಅಂಗನವಾಡಿಯಲ್ಲಿ ತೂಕ ಮಾಡಿ ಚಾರ್ಟಿನಲ್ಲಿ ಚುಕ್ಕೆ ಇಡುತ್ತಾರಲ್ಲ, ಆ ಚುಕ್ಕೆಯೇ ಕುರ್ಚಿ ಆರಿಸಲೂ ದಾರಿ ತೋರಿಸುತ್ತದೆ.

13 ಕಿ.ಗ್ರಾಂ.ವರೆಗೆ: ಹಿಮ್ಮುಖ ಕುರ್ಚಿ. ಹುಟ್ಟಿದ ಕೂಸು ಸುಮಾರು 3 ಕಿ.ಗ್ರಾಂ., ವರ್ಷದ ಕೂಸು ಸುಮಾರು 9 ಕಿ.ಗ್ರಾಂ. ಇರುತ್ತದೆ. ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವಾಗಿಯೇ ಕೂರಿಸಬೇಕು. ಕುರ್ಚಿಗೆ ಹಿಡಿಸುವವರೆಗೆ ಇನ್ನೂ ಹೆಚ್ಚು ಕಾಲ ಹಾಗೆ ಕೂರಿಸಿದಷ್ಟೂ ಒಳ್ಳೆಯದು. ಕಾಲು ಮಡಚಿಕೊಂಡರೆ ಚಿಂತೆಯಿಲ್ಲ. ಕಾಪಾಡಬೇಕಾದದ್ದು ಕತ್ತನ್ನು.

9ರಿಂದ 18 ಕಿ.ಗ್ರಾಂ.: ಐದು ಕಡೆ ಪಟ್ಟಿ ಹಿಡಿಯುವ ಕುರ್ಚಿ. ಎರಡು ಪಟ್ಟಿ ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ. ಹಿಮ್ಮುಖ ಕುರ್ಚಿ ಚಿಕ್ಕದಾದ ಮೇಲಷ್ಟೇ ಇದು.

15ರಿಂದ 36 ಕಿ.ಗ್ರಾಂ.: ಬೂಸ್ಟರ್, ಎಂದರೆ ಎತ್ತರ ಕೊಡುವ ಆಸನ. ಇದರಲ್ಲಿ ಕುಳಿತು ಕಾರಿನ ಬೆಲ್ಟನ್ನೇ ಹಾಕಿಕೊಳ್ಳಬೇಕು. ಬೆಲ್ಟು ಹೆಗಲ ನಡುವೆ ಮತ್ತು ಸೊಂಟದ ಮೂಳೆಯ ಮೇಲೆ ಹಾದುಹೋಗಬೇಕು. ಕತ್ತಿನ ಮೇಲೆ, ಹೊಟ್ಟೆಯ ಮೇಲೆ ಬರಬಾರದು.

ತೂಕಗಳು ಒಂದರೊಳಗೊಂದು ಸೇರಿಕೊಂಡಿವೆ, ಗಮನಿಸಿದಿರಾ? ಅವಸರ ಮಾಡದೆ ಬದಲಾಯಿಸಲಿ ಎಂದೇ ಹಾಗೆ.

ಇಲ್ಲಿ ನಿಮಗೂ ಒಂದು ಪಾಲಿದೆ. ಮಕ್ಕಳಿಗೆ ಕನಿಷ್ಠ 10 ವರ್ಷ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ ಇಂಥ ಆಸನ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರ ಅಳೆದುಕೊಳ್ಳಿ. ನಿಮ್ಮ ತರಗತಿಯಲ್ಲಿ ಎಷ್ಟು ಜನ 135 ಸೆಂ.ಮೀ.ಗಿಂತ ಕಡಿಮೆ ಇದ್ದೀರಿ?

ಕುರ್ಚಿ ಆರಿಸುವಾಗ, ಕೂರಿಸುವಾಗ

• ಪರೀಕ್ಷೆಯಲ್ಲಿ ಪಾಸಾದ ಗುರುತು ಕುರ್ಚಿಯ ಮೇಲೆ ಇರಬೇಕು. ಭಾರತದಲ್ಲಿ ಇದಕ್ಕೆ ಎಐಎಸ್ 072 ಎಂಬ ಮಾನಕವಿದೆ.
• ಹೆಚ್ಚು ಬೆಲೆಯದ್ದೇ ಒಳ್ಳೆಯದು ಎಂದಿಲ್ಲ. ಕೂಸಿಗೆ ಸರಿಹೊಂದಬೇಕು, ನಿಮ್ಮ ಕಾರಿಗೂ ಸರಿಹೊಂದಬೇಕು. ಕೊಳ್ಳುವ ಮೊದಲು ಕಾರಿನಲ್ಲಿಟ್ಟು ನೋಡಬೇಕು.
• ಕುರ್ಚಿಯನ್ನು ಕಾರಿನ ಬೆಲ್ಟಿನಿಂದ ಅಥವಾ ಐಸೋಫಿಕ್ಸ್ ಎಂಬ ಕೊಂಡಿಗಳಿಂದ ಬಿಗಿಯಬೇಕು. ಬುಡ ಹಿಡಿದು ಅಲುಗಾಡಿಸಿದರೆ ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು.
• ಪಟ್ಟಿ ಮತ್ತು ಕೂಸಿನ ಎದೆಯ ನಡುವೆ ಒಂದು ಬೆರಳು ಚಪ್ಪಟೆಯಾಗಿ ಹೋಗುವಷ್ಟೇ ಜಾಗ ಇರಬೇಕು.
• ಕುರ್ಚಿ ಹಿಂದಿನ ಸೀಟಿನಲ್ಲಿರಲಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಕುರ್ಚಿಯನ್ನು ಎಂದಿಗೂ ಇಡಬಾರದು. ಏರ್‌ಬ್ಯಾಗ್ ರೆಪ್ಪೆ ಬಡಿಯುವುದಕ್ಕಿಂತ ಬೇಗ ಉಬ್ಬುತ್ತದೆ. ಅದರ ಹೊಡೆತ ನೇರವಾಗಿ ಕೂಸಿನ ತಲೆಯ ಹಿಂದೆ ಬೀಳುತ್ತದೆ.
• ಒಮ್ಮೆ ಅಪಘಾತ ಕಂಡ ಕುರ್ಚಿಯನ್ನು ಮತ್ತೆ ಬಳಸಬಾರದು. ಹೊರಗೆ ಕಾಣದ ಬಿರುಕು ಒಳಗೆ ಇರಬಹುದು.
• ಕೂಸಿಗೆ ಕೌದಿ ಸುತ್ತಿ ಆಮೇಲೆ ಪಟ್ಟಿ ಬಿಗಿಯಬಾರದು. ಡಿಕ್ಕಿಯಾದಾಗ ಕೌದಿ ಅಮುಕಿ, ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಕೌದಿ.

ನಮ್ಮ ಭಾಗದ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಪಟ್ಟಿಯ ಕೊಂಡಿ ಮೈ ಸುಡಬಹುದು. ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಇನ್ನು, ಕಿಟಕಿ ಮುಚ್ಚಿದ ಕಾರಿನಲ್ಲಿ ಕೂಸನ್ನು ಒಂದು ನಿಮಿಷವೂ ಬಿಟ್ಟು ಹೋಗಬಾರದು. ಗಾಜಿನಿಂದ ಒಳಗೆ ಬಂದ ಬಿಸಿಲಿನ ಶಾಖ ಹೊರಗೆ ಹೋಗದೆ, ಹತ್ತೇ ನಿಮಿಷದಲ್ಲಿ ಒಳಗಿನ ಉಷ್ಣತೆ ಸುಮಾರು 10 ಡಿಗ್ರಿ ಏರಬಹುದು.

ಕಾರಿಲ್ಲದವರು ಏನು ಮಾಡಬೇಕು?

“ಸರ್, ನಮ್ಮ ಮನ್ಯಾಗ ಕಾರೇ ಇಲ್ಲ” ಎಂದು ನಿಮ್ಮಲ್ಲಿ ಬಹಳ ಜನ ಹೇಳುತ್ತೀರಿ. ನಿಜ. ನಮ್ಮ ಕೂಸುಗಳು ಓಡಾಡುವುದು ಬಸ್ಸು, ಆಟೊ, ಟಂಟಂ, ಬೈಕುಗಳಲ್ಲಿ. ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ. ದುಡಿಯಲು ದೂರದ ಊರಿಗೆ ಹೋಗುವಾಗ ಜೀಪಿನಲ್ಲಿ. 2022ರ ಆಗಸ್ಟ್ 25ರ ನಸುಕಿನಲ್ಲಿ ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ ಅಂಥ ಒಂದು ವಾಹನ ಲಾರಿಗೆ ಡಿಕ್ಕಿಯಾಯಿತು. ಅದರಲ್ಲಿ ಇದ್ದವರು ನಮ್ಮ ನೆರೆಯ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರು. ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಮಿತಿಗಿಂತ ಹೆಚ್ಚು ಜನ ತುಂಬಿದ ವಾಹನದಲ್ಲಿ ಕೂಸನ್ನು ಬಿಗಿದು ಕೂರಿಸಲು ಜಾಗವೇ ಇರುವುದಿಲ್ಲ. ಜಡತ್ವ ಮಾತ್ರ ಎಲ್ಲರಿಗೂ ಒಂದೇ.

ಆದ್ದರಿಂದ ಕೈಲಾದಷ್ಟು ಅಪಾಯ ಕಡಿಮೆ ಮಾಡುವುದನ್ನು ಕಲಿಯೋಣ.

ಬಸ್ಸಿನಲ್ಲಿ: ಬಸ್ಸು ಬಹಳ ಭಾರವಾದ ವಾಹನ. ಹಗುರವಾದ ವಾಹನ ಡಿಕ್ಕಿ ಹೊಡೆದಾಗ ಬಸ್ಸಿನ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಜೀಪಿಗಿಂತ ಬಸ್ಸು ಒಳ್ಳೆಯದು ಎನ್ನಲು ಇದೂ ಒಂದು ಕಾರಣ. ಕೂಸಿರುವವರು ಬಾಗಿಲ ಹತ್ತಿರ ಅಥವಾ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂರದೆ, ನಡುಭಾಗದಲ್ಲಿ ಕೂರಬೇಕು. ಕೂಸಿನ ಮುಖ ತಮ್ಮ ಎದೆಗೆ ಇರುವಂತೆ ಹಿಡಿದು, ಒಂದು ಕೈ ಅದರ ತಲೆ ಮತ್ತು ಕತ್ತಿನ ಹಿಂದೆ ಇಡಬೇಕು. ಇದು ಕುರ್ಚಿಗೆ ಸಮವಲ್ಲ. ಆದರೂ ಸುಮ್ಮನೆ ಕೂರಿಸಿಕೊಳ್ಳುವುದಕ್ಕಿಂತ ಮೇಲು. ನೀವೂ ಒಂದು ಕೆಲಸ ಮಾಡಬಹುದು. ಕೂಸನ್ನೆತ್ತಿಕೊಂಡು ನಿಂತವರನ್ನು ಕಂಡರೆ ಎದ್ದು ನಿಮ್ಮ ಸೀಟು ಕೊಡಿ.

ಆಟೊ, ಟಂಟಂನಲ್ಲಿ: ಚಾಲಕರ ಪಕ್ಕದಲ್ಲಿ, ಅಂಚಿನಲ್ಲಿ ಕೂಸನ್ನು ಹಿಡಿದು ಕೂರಬಾರದು. ಒಳಗೆ, ನಡುವೆ ಕೂರಬೇಕು.

ಬೈಕಿನಲ್ಲಿ: ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಸನ್ನು ಕೂರಿಸುವುದು ಬಹಳ ಅಪಾಯ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. 2023ರ ಫೆಬ್ರುವರಿಯಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಮಗುವಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು. ಅಂಗಿಯಂತೆ ತೊಡಿಸಿ ಬೈಕು ನಡೆಸುವವರ ಹೆಗಲಿಗೆ ಸೇರಿಸುವ ಸುರಕ್ಷತಾ ಪಟ್ಟಿ ಇರಬೇಕು. ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಅದಕ್ಕಿಂತ ಚಿಕ್ಕ ಕೂಸನ್ನು ಬೈಕಿನಲ್ಲಿ ಕರೆದೊಯ್ಯದಿರುವುದೇ ಲೇಸು.

ಕಾರಿನ ವಿಷಯದಲ್ಲಿಯೂ ಕಾನೂನಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, 14 ವರ್ಷದೊಳಗಿನ ಮಕ್ಕಳನ್ನು ಸೀಟ್ ಬೆಲ್ಟಿನಿಂದ ಅಥವಾ ಮಕ್ಕಳ ಕುರ್ಚಿಯಿಂದ ಭದ್ರಪಡಿಸದೆ ಕರೆದೊಯ್ದರೆ ದಂಡವಿದೆ. ದಂಡಕ್ಕೆ ಹೆದರಿ ಮಾಡುವುದಕ್ಕಿಂತ ಕಾರಣ ತಿಳಿದು ಮಾಡುವುದು ಒಳ್ಳೆಯದು.

ಆಯಿಯ ಪ್ರಶ್ನೆಗೆ ಉತ್ತರ

ಮತ್ತೆ ಶಹಾಪುರದ ಓಣಿಗೆ ಬರೋಣ. ಮರುದಿನ ನಾನು ಆಯಿಯ ಕೈಗೆ ನೀರು ತುಂಬಿದ ಒಂದು ತಂಬಿಗೆ ಕೊಟ್ಟೆ. “ಗಟ್ಟಿಯಾಗಿ ಹಿಡ್ಕೋರಿ” ಎಂದು ಹೇಳಿ, ಅವರನ್ನು ಕಾರಿನಲ್ಲಿ ಕೂರಿಸಿ, ಮನೆಯ ಮುಂದಿನ ಖಾಲಿ ಜಾಗದಲ್ಲಿ ಕಾರು ನಿಧಾನವಾಗಿ ಹೋಗುವಾಗ ಒಮ್ಮೆ ಬ್ರೇಕ್ ಹಾಕಿಸಿದೆವು. ತಂಬಿಗೆ ಕೈಯಲ್ಲಿಯೇ ಉಳಿಯಿತು. ನೀರು ಮುಂದಿನ ಸೀಟಿನ ಮೇಲೆ ಚೆಲ್ಲಿತು. ಆಯಿ ಸ್ವಲ್ಪ ಹೊತ್ತು ಒದ್ದೆಯಾದ ಸೀಟನ್ನೇ ನೋಡಿದರು. ಏನೂ ಮಾತಾಡಲಿಲ್ಲ.

ಊರಿಗೆ ಹೊರಡುವ ದಿನ ಸೊಸೆ ಕೂಸನ್ನು ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದಳು. ಆಯಿ ತಾವು ಹೊಲಿದ ಸಣ್ಣ ಕೌದಿ ತಂದರು. ಪಟ್ಟಿಯ ಕೆಳಗೆ ಒಂದು ಬೆರಳು ತೂರಿಸಿ ನೋಡಿ, ಆಮೇಲೆ ಕೌದಿಯನ್ನು ಮೇಲೆ ಹೊದಿಸಿದರು. “ನಿಧಾನ ಹೋಗ್ರೋ ತಮ್ಮಾ” ಎಂದರು.

ತಾಯಿಯ ಕೈಗಿಂತ ಗಟ್ಟಿಯಾದದ್ದು ಇದೆ. ಅದನ್ನು ಬಿಗಿಯುವುದು ಮಾತ್ರ ತಾಯಿಯ ಕೈಯೇ.

ಯೋಚಿಸಿ, ಉತ್ತರಿಸಿ

1. ಕ್ರಿಕೆಟ್ ಚೆಂಡು ಹಿಡಿಯುವಾಗ ಆಟಗಾರರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಡಿಕ್ಕಿಯಲ್ಲಿ ಕಾರಿನ ಮೂತಿ ನುಗ್ಗಾಗುವುದಕ್ಕೂ ಇದಕ್ಕೂ ಏನು ಹೋಲಿಕೆ?
2. ನಿಮ್ಮ ಮನೆಯ ಅಥವಾ ಓಣಿಯ ಕೂಸಿನ ತೂಕವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೇಲಿನ ಲೆಕ್ಕದಂತೆ, ಡಿಕ್ಕಿಯಾದಾಗ ಅದನ್ನು ತಡೆಯಲು ಎಷ್ಟು ಕಿ.ಗ್ರಾಂ. ಭಾರಕ್ಕೆ ಸಮನಾದ ಬಲ ಬೇಕು?
3. ಆ ಕೂಸಿಗೆ ಯಾವ ಬಗೆಯ ಕುರ್ಚಿ ಸರಿ? ಏಕೆ?